ನಾಟಕದ ತರಗತಿಗೆ ಕಂಪ್ಯೂಟರ್: ರಂಗಸಜ್ಜಿಕೆ ಕಲಿಸುವುದು ಹೀಗೆ

ರಂಗಸಜ್ಜಿಕೆ ಎಂದ ಕೂಡಲೇ ಮಕ್ಕಳು ಬಣ್ಣದ ಸೀನರಿ ಬರೆಯಲು ಹೊರಡುತ್ತಾರೆ. ಅದಕ್ಕೂ ಮೊದಲು ಅವರು ಕೇಳಿಕೊಳ್ಳಬೇಕಾದ್ದು, ಕೆಳಗೆ ಕೂತವರಿಗೆ ಏನು ಕಾಣುತ್ತದೆ ಎಂದು. ಕಂಪ್ಯೂಟರ್ ನಿಜಕ್ಕೂ ಉಪಯೋಗಕ್ಕೆ ಬರುವುದು ಇಲ್ಲಿ. ವಸ್ತುಗಳನ್ನು ಮೂರು ಆಯಾಮದಲ್ಲಿ ಬರೆಯುವ ತಂತ್ರಾಂಶ ಸ್ಕೆಚ್‌ಅಪ್; ಬ್ರೌಸರಿನಲ್ಲೇ ತೆರೆಯುವ ಅದರ ಉಚಿತ ಆವೃತ್ತಿ ಸಾಕು. ಒಂದು ಕಂಪ್ಯೂಟರಿಗೆ ನಾಲ್ವರು ಮಕ್ಕಳು ಕೂರಲಿ. ಮೌಸ್ ಬೇಕೇ ಬೇಕು, ಟಚ್‌ಪ್ಯಾಡ್ ಆದರೆ ಚಿತ್ರ ತಿರುಗಿಸುವಷ್ಟರಲ್ಲೇ ಪೀರಿಯಡ್ ಮುಗಿಯುತ್ತದೆ.

ಹರಿಶ್ಚಂದ್ರನ ಕಥೆಯ ಸ್ಮಶಾನದ ದೃಶ್ಯವನ್ನೇ ತೆಗೆದುಕೊಳ್ಳೋಣ.

ಮೊದಲು ಟೇಪು. ವೇದಿಕೆಯ ಅಗಲ, ಆಳ, ಎತ್ತರ ಅಳೆಸಿ. 24 ಅಡಿ ಅಗಲ, 16 ಅಡಿ ಆಳ, 3 ಅಡಿ ಎತ್ತರ ಎಂದಿಟ್ಟುಕೊಳ್ಳಿ. ಮೂಲೆಯಿಂದ ಮೂಲೆಗೂ ಟೇಪು ಹಿಡಿಸಿ: 28 ಅಡಿ 10 ಅಂಗುಲ ಬರಬೇಕು. ಎರಡೂ ಕರ್ಣ ಒಂದೇ ಬಾರದಿದ್ದರೆ ವೇದಿಕೆ ಸೊಟ್ಟಗಿದೆ ಅಥವಾ ಟೇಪು ಜೋಲಿದೆ.

ವೇದಿಕೆ ಎಬ್ಬಿಸುವುದು. ಅಡಿ-ಅಂಗುಲದ ಟೆಂಪ್ಲೇಟ್ ಆರಿಸಿ. R ಒತ್ತಿ ಆಯತ ಶುರುಮಾಡಿ, 24',16' ಎಂದು ಟೈಪ್ ಮಾಡಿ ಎಂಟರ್ ಕೊಡಿ. ಅಡಿಯ ಗುರುತು ಮರೆತರೆ ಅದು ಅಂಗುಲವಾಗಿ ವೇದಿಕೆ ಬೊಂಬೆಯಾಟದ್ದಾಗುತ್ತದೆ. P (ಚಪ್ಪಟೆ ಆಯತವನ್ನು ಮೇಲೆಳೆಯುವ ಪುಶ್/ಪುಲ್) ಒತ್ತಿ 3' ಎತ್ತಿ. ಮೂರು ಸಲ ಕ್ಲಿಕ್ಕಿಸಿ ಪೂರ್ತಿ ಆಯ್ಕೆಮಾಡಿ ತಕ್ಷಣ ಗ್ರೂಪ್ ಮಾಡಿಸಿ, ಅಂದರೆ ಎಲ್ಲವನ್ನೂ ಒಂದೇ ವಸ್ತುವಾಗಿ ಕಟ್ಟಿಸಿ. ಇಲ್ಲಿ ಎಡವದ ತರಗತಿ ಅಪರೂಪ: ಗ್ರೂಪ್ ಮಾಡದಿದ್ದರೆ ಮೇಲೆ ಬರೆದದ್ದೆಲ್ಲ ವೇದಿಕೆಗೇ ಅಂಟಿಕೊಳ್ಳುತ್ತದೆ, ಮೆಟ್ಟಿಲು ಸರಿಸಿದರೆ ನೆಲವೂ ಎಳೆದುಕೊಂಡು ಬರುತ್ತದೆ.

ಚಿತೆ, ಮರ, ಕಲ್ಲುಗಳನ್ನು ಸದ್ಯಕ್ಕೆ ಬರೀ ಪೆಟ್ಟಿಗೆಗಳಾಗಿ ಇಡಿ. ಸಿದ್ಧ ಮಾದರಿಗಳ ಆನ್‌ಲೈನ್ ಭಂಡಾರವಾದ 3ಡಿ ವೇರ್‌ಹೌಸ್‌ನಿಂದ ಎಲೆಎಲೆಯೂ ಕಾಣುವ ಆಲದಮರ ಇಳಿಸಿದರೆ ಶಾಲೆಯ ಹಳೆಯ ಕಂಪ್ಯೂಟರ್ ಅಲ್ಲೇ ನಿಂತುಬಿಡುತ್ತದೆ.

ಜಮಖಾನದಿಂದ ನೋಡುವುದು. ಪಾಠದ ತಿರುಳು ಇದೇ, ಒಂದು ಇಡೀ ಪೀರಿಯಡ್ ಕೊಡಿ. ನೋಡುವವರ ಕಣ್ಣನ್ನು ಬೇಕಾದ ಜಾಗದಲ್ಲಿ ಇಡುವ ಪೊಸಿಷನ್ ಕ್ಯಾಮೆರಾ ತೆಗೆದುಕೊಂಡು ವೇದಿಕೆಯ ಅಂಚಿನಿಂದ 8 ಅಡಿ ಈಚೆ ನೆಲದ ಮೇಲೆ ಕ್ಲಿಕ್ ಮಾಡಿ, ಕಣ್ಣಿನ ಎತ್ತರ 2'3" ಎಂದು ಕೊಡಿ. ಚಕ್ಕಳಮಕ್ಕಳ ಹಾಕಿ ಕೂತ ಮಗುವಿನ ಕಣ್ಣು ಹೆಚ್ಚುಕಡಿಮೆ ಅಲ್ಲಿರುತ್ತದೆ. ಈಗ ಲೋಹಿತಾಶ್ವನ ದೇಹವೆಂದು 7 ಅಂಗುಲ ದಪ್ಪದ ಪೆಟ್ಟಿಗೆಯೊಂದನ್ನು ಅಂಚಿನಿಂದ 6 ಅಡಿ ಒಳಗೆ ಮಲಗಿಸಿ. ಹೆಚ್ಚುಕಡಿಮೆ ಕಾಣುವುದೇ ಇಲ್ಲ! ಕಣ್ಣು ವೇದಿಕೆಗಿಂತ ಕೆಳಗಿರುವುದರಿಂದ ಅಷ್ಟು ದೂರದಲ್ಲಿ ನೆಲದಿಂದ ಸುಮಾರು 6¾ ಅಂಗುಲ ಅಂಚಿನ ಮರೆಗೆ ಹೋಗುತ್ತದೆ. ಚಂದ್ರಮತಿ ಅಳುತ್ತಾಳೆ, ಯಾಕೆಂದು ಮುಂದಿನ ಸಾಲಿಗೆ ಗೊತ್ತಾಗುವುದಿಲ್ಲ.

ಮದ್ದನ್ನು ಮಕ್ಕಳೇ ಹುಡುಕಲಿ. ಒಂದು ಅಡಿ ಎತ್ತರದ ಲೆವೆಲ್ (ವೇದಿಕೆಯ ಮೇಲಿಡುವ ಕಟ್ಟೆ) ಇಟ್ಟು ಅದರ ಮುಂಭಾಗಕ್ಕೆ ದೇಹ ತಂದರೆ ಬಹುಪಾಲು ಕಾಣುತ್ತದೆ. ಲೆವೆಲ್ಲನ್ನು 8×4 ಅಡಿಗೇ ಮಾಡಿಸಿ, ಪ್ಲೈವುಡ್ ಹಾಳೆ ಬರುವುದು ಆ ಅಳತೆಗೆ, ಕತ್ತರಿಸುವ ನಷ್ಟವಿಲ್ಲ. ಸಾಲಿನ ಎರಡೂ ತುದಿಯಿಂದಲೂ ನೋಡಿ, ಪ್ರತಿ ನೋಟವನ್ನೂ ಸೀನ್ (ಮತ್ತೆ ತೆರೆಯಬಹುದಾದ ನೋಟ) ಆಗಿ ಉಳಿಸಿಕೊಳ್ಳಿ.

ಫೀಲ್ಡ್ ಆಫ್ ವ್ಯೂ, ಅಂದರೆ ಕ್ಯಾಮೆರಾ ಒಮ್ಮೆಗೆ ಕಾಣುವ ಕೋನ, 35 ಡಿಗ್ರಿಯಲ್ಲೇ ಇರಲಿ. 60ಕ್ಕೆ ಏರಿಸಿದರೆ ಪುಟ್ಟ ವೇದಿಕೆಯೂ ಅರಮನೆಯಷ್ಟು ಆಳವಾಗಿ ಕಂಡು ಮೋಸಹೋಗುತ್ತೀರಿ.

ಬಣ್ಣ. ಇದರಲ್ಲಿ ಮಾನಿಟರನ್ನು ನಂಬಬೇಡಿ. ಕೋಣೆ ಕತ್ತಲು ಮಾಡಿ, ಮೊಬೈಲ್ ಟಾರ್ಚಿಗೆ ನೀಲಿ ಜಿಲೆಟಿನ್ ಕಾಗದ ಸುತ್ತಿ ಸೀರೆಯ ತುಂಡಿನ ಮೇಲೆ ಬಿಡಿ. ಬೆಳದಿಂಗಳ ನೀಲಿಯಲ್ಲಿ ಕೆಂಪು ಸೀರೆ ಕಪ್ಪಾಗಿ ಕಾಣುತ್ತದೆ.

ಬಡಗಿಗೆ ಹೇಳುವ ಮುನ್ನ ಲೆವೆಲ್‌ನ ಜಾಗವನ್ನು ನಿಜವಾದ ವೇದಿಕೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತುಹಾಕಿ, ಅಲ್ಲಿ ಒಂದು ಅಡಿ ಎತ್ತರದ ಬೆಂಚಿಟ್ಟು ಒಬ್ಬರನ್ನು ಮಲಗಿಸಿ, ಇನ್ನೊಬ್ಬರನ್ನು 8 ಅಡಿ ದೂರ ನೆಲದಲ್ಲಿ ಕೂರಿಸಿ. ಕಂಪ್ಯೂಟರಿನಲ್ಲಿ ಕಂಡದ್ದಕ್ಕೂ ಇದಕ್ಕೂ ತಾಳೆಯಾಗದಿದ್ದರೆ ವೇದಿಕೆಯ ಎತ್ತರವನ್ನೇ ಮತ್ತೆ ಅಳೆಯಿರಿ. ಸಭಾಂಗಣದ ನೆಲದಿಂದ ಅಳೆಯುವ ಬದಲು ಕೆಳಗಿನ ಮೆಟ್ಟಿಲಿನಿಂದ ಟೇಪು ಹಿಡಿದಿರುವುದೇ ಹೆಚ್ಚು.