ಕ್ಯಾಲೆಂಡರ್ ಹಿಂದೆ ಬಿಜೆಪಿ ವಂಶವೃಕ್ಷ

ಉಡುಪಿಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಪಾಠ ಹೇಳುವ ನಾನು, ಬಿಜೆಪಿ ಹುಟ್ಟಿ ಬೆಳೆದ ಕಥೆ ಹೇಳಲು ಹಳೇ ಕ್ಯಾಲೆಂಡರಿನ ಹಿಂಬದಿ ಬಳಸುತ್ತೇನೆ. ಹಾಳೆ ದೊಡ್ಡದು, ಖರ್ಚೂ ಇಲ್ಲ.

ಮೊದಲು ಎರಡು ಬಣ್ಣದ ಪೆನ್ ತಗೊಳ್ಳಿ. ಕೆಂಪು ವಿಲೀನಕ್ಕೆ, ನೀಲಿ ಮೈತ್ರಿಗೆ. ಗೊಂದಲವಾದರೆ ಚುನಾವಣಾ ಚಿಹ್ನೆ ನೋಡಿ. ವಿಲೀನವಾದರೆ ಚಿಹ್ನೆ ಹೋಗುತ್ತದೆ, ಮೈತ್ರಿಯಲ್ಲಿ ಉಳಿಯುತ್ತದೆ.

ಎಡತುದಿಯಲ್ಲಿ 1951, ಜನಸಂಘ, ದೀಪದ ಚಿಹ್ನೆ. ಅಲ್ಲಿಂದ 1977ಕ್ಕೆ ಕೆಂಪು ಗೆರೆ: ಜನಸಂಘ ಜನತಾ ಪಕ್ಷದೊಳಗೆ ಸೇರಿತು, ದೀಪ ಆರಿತು. ಇಲ್ಲಿ ಸ್ವಲ್ಪ ನಿಲ್ಲಿ. ಆರೆಸ್ಸೆಸ್ ನಂಟು ಇಟ್ಟುಕೊಂಡೇ ಜನತಾ ಪಕ್ಷದಲ್ಲಿರಬಹುದಾ ಅಂತ ಜಗಳ ಎದ್ದಿತು. ಹಳೇ ಜನಸಂಘದವರು ಹೊರಬಂದು 1980ರ ಏಪ್ರಿಲ್‌ನಲ್ಲಿ ಬಿಜೆಪಿ ಕಟ್ಟಿದರು. ಈ 'ಜೋಡಿ ಸದಸ್ಯತ್ವ'ದ ಜಗಳ ಬಿಟ್ಟರೆ ಮುಂದಿನದು ಬರೀ ಬಾಯಿಪಾಠ ಆಗುತ್ತದೆ.

ಆಮೇಲೆ ಜಾಸ್ತಿ ನೀಲಿ ಗೆರೆಗಳೇ. ಪಕ್ಕದಲ್ಲಿ ಲೋಕಸಭಾ ಸೀಟು ಬರೆಯಿರಿ: 1984ರಲ್ಲಿ 2, 1989ರಲ್ಲಿ 85, 1996ರಲ್ಲಿ 161. ಅಷ್ಟು ಸೀಟಿದ್ದರೂ ಜೊತೆಗಾರರು ಸಾಲದೆ ವಾಜಪೇಯಿ ಸರ್ಕಾರ 13 ದಿನಕ್ಕೇ ಬಿತ್ತು. 1998ಕ್ಕೆ ಬಿಜೆಪಿ ನೇತೃತ್ವದ ಮೈತ್ರಿಕೂಟ ಎನ್‌ಡಿಎ ಬಂತು. ಅದರ ಸಂಚಾಲಕರಾಗಿದ್ದ ಜಾರ್ಜ್ ಫರ್ನಾಂಡಿಸ್ ನಮ್ಮ ಮಂಗಳೂರಲ್ಲಿ ಹುಟ್ಟಿದವರು, ಸಮಾಜವಾದಿ ಬೇರೆ! ಹುಡುಗರು ಇಲ್ಲಿ ಹುಬ್ಬೇರಿಸುತ್ತಾರೆ. ಜೋಡಿ ಸದಸ್ಯತ್ವದ ಜಗಳದಲ್ಲಿ ಸಮಾಜವಾದಿಗಳೇ ಎದುರು ಬದಿಯಲ್ಲಿದ್ದರು ಅಲ್ವಾ?

ರಾಜ್ಯಕ್ಕೆ ಬೇರೆ ಹಾಳೆ. 2006ರ ಜೆಡಿಎಸ್ ಮೈತ್ರಿಗೆ ನೀಲಿ. ಮತ್ತೆ ಮೊದಲ ಹಾಳೆಯಲ್ಲಿ, 2014ರ 282 ಲೋಕಸಭಾ ಸೀಟಿಗೆ ಕೆಂಪೂ ಬೇಡ, ನೀಲಿಯೂ ಬೇಡ, ಪೆನ್ಸಿಲ್ ಸಾಕು: ಬಹುಮತ ಬಿಜೆಪಿಗೆ ಒಂಟಿಯಾಗೇ ಸಿಕ್ಕಿತ್ತು.