ನಾಯಿಯ ಸ್ನಾನವಾಯಿತು, ಕೂದಲ ಬುಡ ಒಣಗಿತೇ?

ಆಷಾಢದ ಬೆಂಗಳೂರಿನಲ್ಲಿ ಒಗೆದ ಬಟ್ಟೆಯೇ ಎರಡು ದಿನ ಬಾಲ್ಕನಿಯಲ್ಲಿ ತೂಗಾಡುತ್ತದೆ. ಇನ್ನು ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಪಾಮರೇನಿಯನ್ ನಾಯಿಗಳಿಗೆ ಎರಡು ಪದರ ಕೂದಲು. ಮೇಲಿನದು ಬೇಗ ಆರುತ್ತದೆ, ಒಳಗಿನದು ಹತ್ತಿಯ ಹಾಗೆ ನೀರು ಹಿಡಿದಿಟ್ಟುಕೊಳ್ಳುತ್ತದೆ. ಒಣಗಿದಂತೆ ಕಂಡ ನಾಯಿ ಮಾರನೇ ದಿನ ಮುಗ್ಗಲು ವಾಸನೆ ಬೀರುವುದು ಇದರಿಂದಲೇ. ತೇವ ಉಳಿದಲ್ಲಿ ಬ್ಯಾಕ್ಟೀರಿಯಾ, ಯೀಸ್ಟ್ ಬೆಳೆದು ಚರ್ಮ ಕೆಂಪಾಗುತ್ತದೆ. ನಾಯಿ ಅಲ್ಲೇ ನೆಕ್ಕಿ, ಕಚ್ಚಿ ಹುಣ್ಣು ಮಾಡಿಕೊಳ್ಳುತ್ತದೆ.

ಕೂದಲ ಸಿಕ್ಕನ್ನು ಸ್ನಾನಕ್ಕೆ ಮೊದಲೇ ಬಿಡಿಸಿ. ನೆನೆದ ಸಿಕ್ಕು ಒಣಗುವಾಗ ಬಿಗಿದು ಗಂಟಾಗುತ್ತದೆ, ಆಮೇಲೆ ಕತ್ತರಿಯೇ ಗತಿ.

ಸ್ನಾನ ಮುಗಿದೊಡನೆ ಟವೆಲ್ ಎತ್ತಿಕೊಳ್ಳಬೇಡಿ. ಬಚ್ಚಲಲ್ಲೇ ಕುತ್ತಿಗೆಯಿಂದ ಬಾಲದವರೆಗೆ, ತೊಡೆಯಿಂದ ಪಾದದವರೆಗೆ ಅಂಗೈಯಿಂದ ನೀರನ್ನು ಕೆಳಕ್ಕೆ ಎಳೆದಿಳಿಸಿ. ನಂತರ ಬಾಗಿಲು ಮುಚ್ಚಿಕೊಂಡು ನಾಯಿ ಮೈ ಕೊಡವಲಿ ಎಂದು ಬಿಡಿ. ಗೋಡೆ ಒದ್ದೆಯಾದರೂ ನಿಮ್ಮ ಅರ್ಧ ಕೆಲಸ ಅದೇ ಮಾಡಿಕೊಟ್ಟಿರುತ್ತದೆ.

ದೊಡ್ಡ ನಾಯಿಗೆ ಮೂರು ಟವೆಲ್ ಬೇಕು, ಬೀದಿಯಿಂದ ತಂದು ಸಾಕಿದ ಗಿಡ್ಡ ಕೂದಲಿನದಕ್ಕೆ ಒಂದೇ ಸಾಕು. ಮೈಕ್ರೋಫೈಬರ್ ಆದರೆ ಒಳ್ಳೆಯದು. ಇಲ್ಲದಿದ್ದರೆ ಹಳೆಯ ಹತ್ತಿ ಟವೆಲ್. ಹೊಸ ಟವೆಲ್ ಅಷ್ಟಾಗಿ ನೀರು ಹೀರುವುದಿಲ್ಲ. ತಿಕ್ಕಬೇಡಿ, ಒತ್ತಿ ಹಿಡಿದು ಬಿಡಿ. ಉದ್ದ ಕೂದಲನ್ನು ತಿಕ್ಕಿದಷ್ಟೂ ಸಿಕ್ಕಾಗುತ್ತದೆ. ಕಂಕುಳು, ತೊಡೆಸಂದು, ಬಾಲದ ಬುಡ, ಬೆರಳ ಸಂದು ಇವೇ ಮರೆತುಹೋಗುವ ಜಾಗಗಳು. ಜೋಲುಕಿವಿಯ ಒಳಬದಿಯನ್ನು ಒಣ ಹತ್ತಿಯಿಂದ ಒರೆಸಿ. ಇಯರ್ ಬಡ್ ಬೇಡ, ಅದು ಕೊಳೆಯನ್ನು ಇನ್ನೂ ಒಳಕ್ಕೆ ತಳ್ಳುತ್ತದೆ.

ಡ್ರೈಯರ್ ಇದ್ದರೆ ಬಿಸಿ ತೀರಾ ಕಡಿಮೆ ಇರಲಿ, ತಣ್ಣನೆಯ ಗಾಳಿಯಾದರೆ ಇನ್ನೂ ಮೇಲು. ನಾಯಿಯ ಚರ್ಮ ನಮ್ಮದಕ್ಕಿಂತ ತೆಳು. ಮೈಗೂ ಡ್ರೈಯರಿಗೂ ಒಂದು ಗೇಣಿಗಿಂತ ಹೆಚ್ಚು ಅಂತರವಿರಲಿ, ಕೈ ಒಂದೇ ಕಡೆ ನಿಲ್ಲದಿರಲಿ. ಇನ್ನೊಂದು ಕೈಯಿಂದ ಕೂದಲು ಬಿಡಿಸುತ್ತ, ಚರ್ಮ ಕಾಣುವಂತೆ ಬುಡಕ್ಕೆ ಗಾಳಿ ಹಿಡಿಯಿರಿ. ಮುಖಕ್ಕೆ ಬೇಡವೇ ಬೇಡ. ಸದ್ದಿಗೆ ಹೆದರುವ ನಾಯಿಗೆ ಮೊದಲ ದಿನ ದೂರದಲ್ಲಿ ಡ್ರೈಯರ್ ಓಡಿಸಿ ತಿಂಡಿ ಕೊಡುವುದಷ್ಟೇ ಸಾಕು. ಪಗ್, ಶಿಟ್ಸುಗಳಂಥ ಚಪ್ಪಟೆ ಮೂತಿಯವು ಬೇಗ ಕಾವೇರುತ್ತವೆ. ಏದುಸಿರು ಕಂಡರೆ ನಿಲ್ಲಿಸಿ.

ಬಿಸಿಲನ್ನು ನಂಬಬಹುದೇ? ಬೇಸಿಗೆಯ ಬೆಳಗಿನಲ್ಲಿ, ಗಿಡ್ಡ ಕೂದಲಿನವಕ್ಕೆ, ಆಗಬಹುದು. ಮಧ್ಯಾಹ್ನದ ತಾರಸಿ ಮಾತ್ರ ಪಾದ ಸುಡುತ್ತದೆ. ಡಿಸೆಂಬರ್ ಚಳಿಯಲ್ಲಿ ಮುಂಜಾನೆ ಸ್ನಾನ ಮಾಡಿಸಿ ಫ್ಯಾನ್ ಕೆಳಗೆ ಬಿಟ್ಟರೆ ನಾಯಿ ನಡುಗುತ್ತದೆ, ಅಷ್ಟೆ.

ಕೊನೆಗೆ ಬೆರಳನ್ನು ಕೂದಲೊಳಗೆ ಚರ್ಮದ ತನಕ ಇಳಿಸಿ ನೋಡಿ. ತಣ್ಣಗೆ ತಾಕಿದ ಕಡೆ ಇನ್ನೂ ತೇವವಿದೆ ಎಂದೇ ತಿಳಿಯಿರಿ. ಕೊರಳಪಟ್ಟಿ ಕಟ್ಟುವುದು ಅದೆಲ್ಲ ಒಣಗಿದ ಮೇಲೆ, ಅದೂ ಪಟ್ಟಿ ಒದ್ದೆಯಿಲ್ಲದಿದ್ದರೆ ಮಾತ್ರ.