ಹಾಡಿಲ್ಲದ ಪ್ಲೇಟ್‌ಗಳ ಹಿಂದೆ ಬಿದ್ದ ಕಥೆ

ನನ್ನ ಮನೆಯಲ್ಲಿ ಈಗ 140 ಎಲ್‌ಪಿ (ದೊಡ್ಡ ಗ್ರಾಮಫೋನ್ ಪ್ಲೇಟ್), ಅರವತ್ತು ಚಿಲ್ಲರೆ ಇಪಿ (ಚಿಕ್ಕ ಪ್ಲೇಟ್), ಒಂದು ಟ್ರಂಕ್ ತುಂಬ ಕ್ಯಾಸೆಟ್ ಇವೆ. ಬಂದವರೆಲ್ಲ ಮೊದಲು ಕೇಳುವುದು ಒಂದೇ, "ಅಣ್ಣಾವ್ರ ಹಾಡು ಇದೆಯಾ?" ಇದೆ, ಇಲ್ಲದೆ ಏನು. ಆದರೆ ನಾನು ಬಿಸಿಲಲ್ಲಿ ಅಲೆದು ಹುಡುಕುವುದು ಹಾಡುಗಳನ್ನಲ್ಲ, ಹಾಡಿನ ಆಚೆ ಈಚೆ ಉಳಿದುಹೋಗುವ ಸಂಗೀತವನ್ನು. ಟೈಟಲ್ ಕಾರ್ಡ್ ಓಡುವಾಗ ಬರುತ್ತಲ್ಲ, ಅದು. ಯಾರೋ ಬಾಗಿಲು ತೆಗೆಯುವ ಮುಂಚೆ ಎರಡು ಸೆಕೆಂಡ್ ಕೇಳಿಸುವ ಪಿಟೀಲು. ನಮ್ಮ ಸಿನಿಮಾದವರು ಇದನ್ನು ರೀ-ರೆಕಾರ್ಡಿಂಗ್ ಅಂತಾರೆ, ಚಿಕ್ಕದಾಗಿ ಆರ್‌ಆರ್.

ಹುಚ್ಚು ಹತ್ತಿದ್ದು ಸಾಗರದ ಹತ್ತಿರದ ನಮ್ಮೂರಲ್ಲಿ. 'ಮಾಲ್ಗುಡಿ ಡೇಸ್' ದೂರದರ್ಶನದಲ್ಲಿ ಬರುತ್ತಿದ್ದ ಕಾಲ. ಆಗುಂಬೆಯಲ್ಲಿ ತೆಗೆದದ್ದು ಅಂತ ಊರಿನವರಿಗೆಲ್ಲ ಅದು ನಮ್ಮದೇ ಧಾರಾವಾಹಿ. ನನಗೆ ಕಥೆಗಿಂತ ಶುರುವಿನ ಆ ತಾನಾನ ಬೇಕಿತ್ತು. ಎಲ್. ವೈದ್ಯನಾಥನ್ ಅವರದ್ದು ಅನ್ನುವುದು ಆಗ ಗೊತ್ತಿರಲಿಲ್ಲ, ಅಂಗಡಿಯಲ್ಲಿ ಕೇಳಿದರೆ ಅಂಥ ಕ್ಯಾಸೆಟ್ ಇಲ್ಲ ಅಂದರು. ಸರಿ, ಮಾವನ ಟೇಪ್ ರೆಕಾರ್ಡರ್ ತಂದು ಟಿವಿಯ ಸ್ಪೀಕರಿಗೆ ಒತ್ತಿ ಹಿಡಿದು, ಎಲ್ಲರಿಗೂ ಬಾಯಿ ಮುಚ್ಚಿಕೊಂಡಿರಿ ಅಂತ ಹೇಳಿ, ಎರಡು ಬಟನ್ ಒಟ್ಟಿಗೆ ಅದುಮಿದೆ. ಸರಿಯಾಗಿ ಹನ್ನೊಂದನೇ ಸೆಕೆಂಡಿಗೆ ಒಳಗಿನಿಂದ ಅಜ್ಜಿ, "ಯಾರಾ ಅದು ಬಂದಿದ್ದು?" ಆ ಕ್ಯಾಸೆಟ್ ಈಗಲೂ ಇದೆ. ಅಜ್ಜಿಯ ದನಿ ಕೊಳಲಿಗಿಂತ ಸ್ಪಷ್ಟವಾಗಿದೆ.

ಆಮೇಲೆ ತುಂಬ ವರ್ಷ ಇದನ್ನೆಲ್ಲ ಮರೆತಿದ್ದೆ. 2009ರಲ್ಲಿ ಬೆಂಗಳೂರಿನ ಸಂಡೇ ಬಜಾರಿಗೆ ಒಂದು ಸ್ಪ್ಯಾನರ್ ಸೆಟ್ ತರಲು ಹೋಗಿದ್ದೆ. ಸ್ಪ್ಯಾನರ್ ಸಿಗಲಿಲ್ಲ. ನೆಲದ ಮೇಲೆ ಗೋಣಿ ಹಾಸಿ ಪ್ಲೇಟ್‌ಗಳನ್ನು ಜೋಡಿಸಿಕೊಂಡು ಒಬ್ಬರು ಕೂತಿದ್ದರು. ಕೆದಕುತ್ತಾ ಹೋದ ಹಾಗೆ 'ಶೋಲೆ'ಯ ಎಲ್‌ಪಿ ಸಿಕ್ಕಿತು, 1975ರದ್ದು, ಪಾಲಿಡಾರ್ ಕಂಪನಿಯದ್ದು. ಹಿಂದೆ ತಿರುಗಿಸಿ ನೋಡಿದರೆ ಹಾಡುಗಳ ಜೊತೆಗೆ 'ಟೈಟಲ್ ಮ್ಯೂಸಿಕ್' ಅಂತ ಬೇರೆಯಾಗಿ ಅಚ್ಚು ಹಾಕಿದ್ದಾರೆ! ಆ ಗಿಟಾರ್, ಆ ಕುದುರೆ ಓಟದ ತಾಳ, ಒಬ್ಬರೂ ಬಾಯಿ ಬಿಡದ ಅಷ್ಟುದ್ದದ ಸಂಗೀತ. ಹೀಗೂ ಮಾರುತ್ತಿದ್ದರಾ ಅನಿಸಿತು. "ಇಂಥದ್ದು ಬೇರೆ ಇದೆಯಾ ಅಣ್ಣ, ಹಾಡಿಲ್ಲದ್ದು?" ಅಂದೆ. ಅವರು ನನ್ನನ್ನೇ ಒಂದು ಸಲ ನೋಡಿ, "ಹಾಡಿಲ್ಲದ್ದು ಯಾರಿಗೆ ಬೇಕು ಸಾರ್? ಅಗೋ ಆ ಇಂಗ್ಲಿಷ್ ಕಟ್ಟಿನಲ್ಲಿ ನೋಡಿ, ಎಲ್ಲಾ ಬರೀ ಸೌಂಡೇ" ಅಂದರು.

ಆ ಇಂಗ್ಲಿಷ್ ಕಟ್ಟಿನಿಂದಲೇ ನನ್ನ ಸಂಗ್ರಹ ಶುರುವಾಗಿದ್ದು. ಮೊದಲ ಮೋಸ ಹೋಗಿದ್ದೂ ಅಲ್ಲೇ. ಕವರ್ ಮೇಲೆ 'ದಿ ಗುಡ್, ದಿ ಬ್ಯಾಡ್ ಅಂಡ್ ದಿ ಅಗ್ಲಿ' ಅಂತ ದೊಡ್ಡ ಅಕ್ಷರ ಕಂಡಿದ್ದೇ ಚೌಕಾಸಿ ಕೂಡ ಮಾಡದೆ ತಗೊಂಡು ಬಂದೆ. ಮೂರು ತಿಂಗಳು ಕೇಳಿದೆ, ಬಂದವರಿಗೆಲ್ಲ ಕೇಳಿಸಿದೆ, ಆ ಸಿನಿಮಾಕ್ಕೆ ಸಂಗೀತ ಕೊಟ್ಟ ಮೊರಿಕೋನೆ ಬಗ್ಗೆ ಭಾಷಣವನ್ನೂ ಬಿಗಿದೆ. ಒಂದು ದಿನ ಸಿನಿಮಾ ಮತ್ತೆ ನೋಡುವಾಗ ಏನೋ ಹೊಂದುತ್ತಿಲ್ಲ. ಸಿನಿಮಾದಲ್ಲಿ ಅದೇ ಎರಡು ಸ್ವರದ ಊಳು ಮೂರು ಬೇರೆ ಬೇರೆ ಸದ್ದಿನಲ್ಲಿ ಬರುತ್ತದೆ. ಒಳ್ಳೆಯವನಿಗೆ ಕೊಳಲು, ಕೆಟ್ಟವನಿಗೆ ಒಕರೀನಾ ಅನ್ನುವ ಮಣ್ಣಿನ ಪೀಪಿ, ಮೂರನೆಯವನಿಗೆ ಮನುಷ್ಯರ ದನಿ. ನನ್ನ ಪ್ಲೇಟಿನಲ್ಲಿ ಎಲ್ಲವೂ ಸ್ವಲ್ಪ ಜಾಸ್ತಿ ಹೊಳಪು, ಜಾಸ್ತಿ ಕುಣಿತ. ಕವರ್ ಮತ್ತೆ ತೆಗೆದು ಓದಿದೆ. ಹ್ಯೂಗೋ ಮಾಂಟೆನೆಗ್ರೋ ಮತ್ತು ಅವರ ಆರ್ಕೆಸ್ಟ್ರಾ! 1968ರಲ್ಲಿ ಅವರು ಮಾಡಿದ ಮರುನುಡಿಕೆ ಎಷ್ಟು ಓಡಿತು ಅಂದರೆ ಅಮೆರಿಕದ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಹೋಗಿತ್ತು. ಪಾಪ, ಅವರೇನೂ ಹೆಸರು ಮುಚ್ಚಿಟ್ಟಿರಲಿಲ್ಲ. ನಾನೇ ಓದಿರಲಿಲ್ಲ.

ಹಾಗಾಗಿ ನಾನು ಈಗ ಮುಂದಿನ ಕವರ್ ನೋಡುವುದೇ ಇಲ್ಲ. ಸೀದಾ ಹಿಂದೆ ತಿರುಗಿಸಿ ಸಣ್ಣ ಅಕ್ಷರ ಓದುತ್ತೇನೆ: ನುಡಿಸಿದವರು ಯಾರು, ನಡೆಸಿದವರು ಯಾರು, ಯಾವ ವರ್ಷ. ಈ ಲೋಕದಲ್ಲಿ ಒಂದೇ ಸಿನಿಮಾಕ್ಕೆ ಎರಡು ಮೂರು ಜಾತಿಯ ಪ್ಲೇಟ್ ಇರುತ್ತವೆ. 'ಬ್ಲೇಡ್ ರನ್ನರ್' 1982ರಲ್ಲಿ ಬಂದಾಗ ಅಂಗಡಿಗೆ ಬಂದದ್ದು ಬೇರೊಂದು ಆರ್ಕೆಸ್ಟ್ರಾ ನುಡಿಸಿದ್ದು. ಸಂಗೀತ ಮಾಡಿದ ವಾಂಗೆಲಿಸ್ ಅವರದ್ದೇ ನುಡಿಕೆಯ ಆಲ್ಬಂ ಹೊರಬಂದದ್ದು 1994ರಲ್ಲಿ. 'ಸೈಕೋ' ಸಿನಿಮಾ 1960ರದ್ದು, ನನ್ನ ಹತ್ತಿರ ಇರುವುದು ಬರ್ನಾರ್ಡ್ ಹರ್ಮನ್ 1975ರಲ್ಲಿ ಮತ್ತೆ ಲಂಡನ್‌ನಲ್ಲಿ ಕೂರಿಸಿ ನುಡಿಸಿದ್ದು, ಸಿನಿಮಾದಲ್ಲಿರುವುದಕ್ಕಿಂತ ನಿಧಾನ. ಇದು ನಕಲಿ ಅಂತಲ್ಲ, ಬರೆದವರೇ ನಡೆಸಿದ್ದು ತಾನೇ. ಆದರೆ ಆ ಬಚ್ಚಲುಮನೆಯ ಪಿಟೀಲಿನ ಕಿರುಚಾಟ ನೆನಪಿನಲ್ಲಿದ್ದಷ್ಟು ಚುರುಕಾಗಿರಲ್ಲ, ಮೊದಲ ಸಲ ಕೇಳಿದವರಿಗೆ ಪಿಚ್ಚೆನಿಸುತ್ತದೆ. ನಿರ್ದೇಶಕ ಹಿಚ್‌ಕಾಕ್ ಆ ದೃಶ್ಯಕ್ಕೆ ಸಂಗೀತವೇ ಬೇಡ ಅಂದಿದ್ದರಂತೆ. ಹರ್ಮನ್ ಮಾತು ಕೇಳದೆ ಬರೆದುಬಿಟ್ಟರು, ನಾವು ಬಚಾವಾದೆವು.

'ಸ್ಟಾರ್ ವಾರ್ಸ್'ನದು ಇನ್ನೊಂದು ಥರ. 1977ರ ಜೋಡಿ ಎಲ್‌ಪಿ, ಲಂಡನ್ ಸಿಂಫನಿ ಆರ್ಕೆಸ್ಟ್ರಾ. ನುಡಿಕೆ ಅಸಲಿ, ಆದರೆ ಸಂಗೀತ ಬರೆದ ಜಾನ್ ವಿಲಿಯಮ್ಸ್ ಸಿನಿಮಾದ ಕ್ರಮವನ್ನೇ ಬಿಟ್ಟು ಕಿವಿಗೆ ಚೆಂದ ಕಾಣುವ ಹಾಗೆ ಜೋಡಿಸಿದ್ದಾರೆ. ಕಥೆಯ ಕ್ರಮದಲ್ಲಿ ಬೇಕು ಅನ್ನುವವರಿಗೆ 1997ರ ಎರಡು ಸಿಡಿ ಇದೆ. ನನಗೆ ಎಲ್‌ಪಿಯ ಜೋಡಣೆಯೇ ಇಷ್ಟ. ಕ್ರಮದಲ್ಲೇ ಬೇಕೆಂದರೆ ಸಿನಿಮಾನೇ ನೋಡಬಹುದು ಅಲ್ವಾ?

ಸರಿ, ಕನ್ನಡದ್ದು ಎಲ್ಲಿ? ಇದನ್ನೇ ವರ್ಷಗಟ್ಟಲೆ ಹುಡುಕಿದೆ. ನಮ್ಮ ಕಡೆ ಪ್ಲೇಟ್ ಅಂದರೆ ಹಾಡು, ಅಷ್ಟೇ. ಏಳು ಇಂಚಿನ ಇಪಿಯಲ್ಲಿ ನಾಲ್ಕು ಹಾಡು ತುಂಬಿದರೆ ಜಾಗವೇ ಮುಗಿಯಿತು, ಇನ್ನು ಆರ್‌ಆರ್ ಎಲ್ಲಿ ಹಾಕುತ್ತಾರೆ? ಕಂಪನಿಗಳು ದುಡ್ಡು ಕೊಟ್ಟು ಕೊಳ್ಳುತ್ತಿದ್ದದ್ದೂ ಹಾಡುಗಳನ್ನೇ. ಆರ್‌ಆರ್ ಅನ್ನು ಪರದೆ ಮೇಲೆ ರೀಲ್ ಓಡಿಸಿ, ನೋಡಿಕೊಂಡು ನುಡಿಸುತ್ತಿದ್ದರು. ಸಾವಿರ ಅಡಿಯ ಒಂದು ರೀಲ್ ಅಂದರೆ ಹನ್ನೊಂದು ನಿಮಿಷ. ನುಡಿಸಿದ್ದು ಮಾತು, ಹೆಜ್ಜೆ ಸದ್ದು, ಮಳೆ ಎಲ್ಲದರ ಜೊತೆ ಬೆರೆತು ಸಿನಿಮಾದೊಳಕ್ಕೆ ಹೋಯಿತು ಅಂದರೆ ಹೋಯಿತು, ಬೇರೆ ಮಾಡಿ ತೆಗೆಯುವ ಹಾಗಿಲ್ಲ. ಬಿ.ವಿ. ಕಾರಂತರು ಸಂಗೀತಕ್ಕೆ ಎರಡು ಸಲ ರಾಷ್ಟ್ರಪ್ರಶಸ್ತಿ ತಗೊಂಡವರು, 'ಋಷ್ಯಶೃಂಗ'ಕ್ಕೆ ಒಮ್ಮೆ, 1977ರ 'ಘಟಶ್ರಾದ್ಧ'ಕ್ಕೆ ಇನ್ನೊಮ್ಮೆ. ಆ ಸಂಗೀತವನ್ನು ಪ್ಲೇಟಿನಲ್ಲಿ ಹುಡುಕಿ ಹುಡುಕಿ ನಾನು ಸೋತೆ. ಅದು ಬೇಕಿದ್ದರೆ ಸಿನಿಮಾ ಸಮೇತವೇ ಕೇಳಬೇಕು. 'ಘಟಶ್ರಾದ್ಧ'ವನ್ನು ಸರಿಪಡಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು ಅಂತ ಓದಿದಾಗ ಚಿತ್ರಕ್ಕಿಂತ ಮೊದಲು ನನಗೆ ಅದರ ಧ್ವನಿಪಟ್ಟಿಯ ಯೋಚನೆ ಬಂತು.

ಹಾಗಾಗಿ ಕನ್ನಡದ ಮಟ್ಟಿಗೆ ನಾನು ಸಂಗ್ರಹಿಸುವ ರೀತಿಯೇ ಬೇರೆ. ಡಿವಿಡಿ ಹಾಕಿ, ಟಿವಿ ಆರಿಸಿ, ಸ್ಪೀಕರ್ ಮಾತ್ರ ಆನ್ ಇಟ್ಟು ಕೂರುವುದು. ಪಕ್ಕದಲ್ಲಿ ಒಂದು ನೋಟ್‌ಬುಕ್. ಎಷ್ಟನೇ ನಿಮಿಷದಲ್ಲಿ ಏನು ಬಂತು, ಯಾವ ವಾದ್ಯ, ಎಷ್ಟು ಹೊತ್ತು ಅಂತ ಬರೆಯುತ್ತೇನೆ. ಶುರು ಮಾಡುವವರಿಗೆ 'ಪುಷ್ಪಕ ವಿಮಾನ' ಹೇಳುತ್ತೇನೆ. 1987ರದ್ದು, ಬೆಂಗಳೂರಲ್ಲೇ ತೆಗೆದದ್ದು, ಸಂಗೀತ ಮತ್ತದೇ ಎಲ್. ವೈದ್ಯನಾಥನ್. ಮಾತೇ ಇಲ್ಲದ ಸಿನಿಮಾ ಆದ್ದರಿಂದ ಸಂಗೀತದ ಮೇಲೆ ಯಾರೂ ಮಾತಾಡಲ್ಲ. (ನಮ್ಮ ಅಜ್ಜಿ ಬಿಟ್ಟರೆ.) ಚಿತ್ರ ನೋಡದೆ ಕೇಳಿದಾಗ ಗೊತ್ತಾಗುತ್ತದೆ, ಎಷ್ಟು ಕಡೆ ಸಂಗೀತವೇ ಇಲ್ಲ, ಸುಮ್ನೆ ಊರಿನ ಸದ್ದು ಬಿಟ್ಟಿದ್ದಾರೆ ಅಂತ. ಎಲ್ಲಿ ನಿಲ್ಲಿಸಿದ್ದಾರೆ ಅಂತ ಗಮನಿಸಲು ಕಲಿತ ಮೇಲೆ ನನ್ನ ಕೇಳುವಿಕೆ ಪೂರ್ತಿ ಬದಲಾಯಿತು. ಈಗ ಬಿಡಿ, ಕೆಲವು ಸಿನಿಮಾಗಳ ಹಿನ್ನೆಲೆ ಸಂಗೀತವನ್ನೇ ಬೇರೆಯಾಗಿ ಮೊಬೈಲಿಗೆ ಬಿಡುತ್ತಾರೆ. ಹುಡುಗರು ಅದನ್ನೇ ರಿಂಗ್‌ಟೋನ್ ಮಾಡಿಕೊಂಡು ಬಿಜಿಎಂ ಬಿಜಿಎಂ ಅಂತ ಓಡಾಡುತ್ತಾರೆ. ಒಳ್ಳೆಯದೇ. ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತದೆ.

ಇನ್ನು ಪ್ಲೇಟ್ ಸಾಕುವ ಕೆಲಸ. ಮೊದಲು ಒಂದು ಸೂಟ್‌ಕೇಸ್ ಥರದ ಪ್ಲೇಯರ್ ತಂದಿದ್ದೆ, ನೋಡಲು ಮುದ್ದಾಗಿತ್ತು. ಆಮೇಲೆ ಮುಳ್ಳಿನ ಭಾರ ತೂಗುವ ಪುಟ್ಟ ತಕ್ಕಡಿ ತಂದು ನೋಡಿದರೆ 5 ಗ್ರಾಂ ತೋರಿಸಿತು. ಸಾಮಾನ್ಯವಾಗಿ 2 ಗ್ರಾಂ ಆಸುಪಾಸು ಸಾಕು. ಅಷ್ಟು ದಿನ ನನ್ನ ಪ್ಲೇಟ್‌ಗಳ ಮೇಲೆ ನೇಗಿಲು ಹೂಡಿದ್ದೆ ಅಂತಾಯಿತು. ತಕ್ಷಣ ಮಾರಿ, ತೋಳಿನ ಹಿಂದೆ ತೂಕ ತಿರುಗಿಸಿ ಸರಿಮಾಡುವಂಥ ಹಳೆಯ ಟರ್ನ್‌ಟೇಬಲ್ ಕೊಂಡೆ. ಅದನ್ನು ಜೋಡಿಸಿದ ದಿನ ಗುಂಯ್ ಅಂತ ಒಂದೇ ಸದ್ದು. ಎರಡು ಸಂಜೆ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು, ಹಿಂದೆ ತೆಳ್ಳಗಿನ ಅರ್ತ್ ವೈರ್ ಒಂದನ್ನು ಸಿಕ್ಕಿಸದೆ ಬಿಟ್ಟಿದ್ದೆ.

ತೊಳೆಯುವುದಕ್ಕೆ ಮೂರು ಪಾಲು ಡಿಸ್ಟಿಲ್ಡ್ ವಾಟರ್, ಒಂದು ಪಾಲು ಐಸೊಪ್ರೊಪೈಲ್ ಆಲ್ಕೋಹಾಲ್, ಒಂದೇ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್. ನಡುವಿನ ಲೇಬಲ್ ಮೇಲೆ ಡಬ್ಬಿಯ ಮುಚ್ಚಳ ಮುಚ್ಚಿ, ಗೆರೆಯ ದಿಕ್ಕಿನಲ್ಲೇ ಮೆತ್ತನೆ ಬಟ್ಟೆ ಆಡಿಸಿ, ಕೊನೆಗೆ ಬರೀ ಡಿಸ್ಟಿಲ್ಡ್ ವಾಟರ್‌ನಲ್ಲಿ ಇನ್ನೊಂದು ಸಲ. ಮೊದಲ ಸಲ ತೊಳೆದಾಗ ಬಟ್ಟೆಗೆ ಹತ್ತುವ ಕಂದು ಬಣ್ಣ ನೋಡಬೇಕು ನೀವು, ಹೋಟೆಲ್ ಡಿಕಾಕ್ಷನ್ ಥರ. ಆದರೆ 78 ಆರ್‌ಪಿಎಂನ ಹಳೆ ಪ್ಲೇಟಿಗೆ ಈ ನೀರು ತಾಗಿಸಬೇಡಿ. ಅವು ಅರಗಿನವು, ಆಲ್ಕೋಹಾಲ್ ಬಿದ್ದರೆ ಕರಗುತ್ತವೆ. ಒಂದು ಹಾಳು ಮಾಡಿಕೊಂಡ ಮೇಲೆ ಈ ಬುದ್ಧಿ ಬಂತು. ಯಾವ ಪ್ಲೇಟ್ ಅಂತ ಹೇಳಲ್ಲ, ಇನ್ನೂ ಹೊಟ್ಟೆ ಉರಿಯುತ್ತದೆ.

ಇಡುವುದು ಯಾವಾಗಲೂ ನಿಲ್ಲಿಸಿ. ಒಂದರ ಮೇಲೊಂದು ಮಲಗಿಸಿದರೆ ಕೆಳಗಿನವು ಹಪ್ಪಳ ಆಗುತ್ತವೆ. ಎಲ್‌ಪಿ ಎಷ್ಟು ಭಾರ ಅನ್ನುವುದು ನೂರು ದಾಟುವ ತನಕ ಗೊತ್ತಾಗಲ್ಲ. ನನ್ನ ಪ್ಲೈವುಡ್ ಶೆಲ್ಫ್ ನಡುವೆ ಬಾಗಿ, ಹೆಂಡತಿ "ಇದು ಬಿದ್ರೆ ಎತ್ತಕ್ಕೆ ನಾನು ಬರಲ್ಲ ನೋಡಿ" ಅಂದ ಮೇಲೆ ಕಬ್ಬಿಣದ್ದು ಮಾಡಿಸಿದೆ. ಊರಲ್ಲಿ ಒಂದು ಮಳೆಗಾಲ ಬಿಟ್ಟಿದ್ದ ಇಪ್ಪತ್ತು ಕವರ್‌ಗೆ ಬೂಷ್ಟು ಹಿಡಿದಿತ್ತು, ಮಲೆನಾಡಿನ ಆಷಾಢಕ್ಕೆ ರಟ್ಟು ನಿಲ್ಲಲ್ಲ. ಅಂಚೆಯಲ್ಲಿ ತರಿಸುವಾಗಲೂ ಹುಷಾರು. ಒಬ್ಬ ಮಾರಾಟಗಾರರು ಒಂದು ತೆಳು ಕವರಿನಲ್ಲಿ ಹಾಕಿ ಕಳಿಸಿದ್ದರು, ಬಂದದ್ದು ಎರಡು ಅರ್ಧಚಂದ್ರ. ಈಗ ನಾನೇ ಫೋನ್ ಮಾಡಿ, ಎರಡೂ ಕಡೆ ದಪ್ಪ ರಟ್ಟು ಇಡಿ, ಪ್ಲೇಟನ್ನು ಕವರ್‌ನಿಂದ ಹೊರಗೆ ತೆಗೆದು ಪಕ್ಕದಲ್ಲಿಡಿ ಅಂತ ಹೇಳುತ್ತೇನೆ. ಕವರ್ ಒಳಗೇ ಇದ್ದರೆ ಪ್ಲೇಟ್ ಜಾರಿ ರಟ್ಟಿನ ಅಂಚು ಸೀಳಿಬಿಡುತ್ತದೆ.

ಕ್ಯಾಸೆಟ್ ಕಡೆ ಒಂದೇ ಮಾತು. ಸದ್ದು ಮಂಕಾಗಿ, ಮೇಲೆ ಕೆಳಗೆ ಆಗುತ್ತಿದ್ದರೆ ಟೇಪ್ ಕೆಟ್ಟಿದೆ ಅಂತ ಎಸೆಯಬೇಡಿ. ಟೇಪಿನ ಹಿಂದೆ ಸಣ್ಣ ಸ್ಪಂಜಿನ ಚೂರು ಇರುತ್ತದೆ, ಅದು ಉದುರಿರುತ್ತದೆ, ಅಷ್ಟೇ. ಐದು ಸ್ಕ್ರೂ ಬಿಚ್ಚಿ ಬೇರೆ ಯಾವುದಾದರೂ ಭಾಷಣದ ಕ್ಯಾಸೆಟ್‌ನಿಂದ ಆ ಚೂರು ಕಿತ್ತು ಹಾಕಿದರೆ ಆಯಿತು. ಸ್ಕ್ರೂ ಇಲ್ಲದೆ ಅಂಟಿಸಿದ ಕ್ಯಾಸೆಟ್ ಆದರೆ ಬ್ಲೇಡ್, ತಾಳ್ಮೆ, ಒಂದಿಷ್ಟು ಬೈಗುಳ ಬೇಕು. ಅಜ್ಜಿಯ ಕ್ಯಾಸೆಟ್‌ಗೆ ಹೀಗೆ ಎರಡು ಸಲ ಮಾಡಿದ್ದೇನೆ.

ಕಳೆದ ದೀಪಾವಳಿ ಹಿಂದಿನ ಭಾನುವಾರ ಅದೇ ಗೋಣಿಯ ಅಣ್ಣನ ಹತ್ತಿರ ಹೋದೆ. "ನಿಮ್ಮ ಐಟಮ್ಮು ಒಂದು ಇಟ್ಟಿದ್ದೀನಿ ಸಾರ್" ಅಂತ ಕವರ್ ಇಲ್ಲದ ಒಂದು ಇಪಿ ಕೊಟ್ಟರು. ನೀರು ಕುಡಿದು ಎರಡೂ ಕಡೆ ಲೇಬಲ್ ಕಿತ್ತುಹೋಗಿದೆ. ಒಂದು ಕಡೆ ಇಡೀ ಮಾತಿಲ್ಲ, ಹಾಡಿಲ್ಲ. ಶುರುವಿಗೆ ಸಿತಾರ್, ಆಮೇಲೆ ಒಂದು ಗುಂಪು ಪಿಟೀಲು, ನಡುವೆ ಎರಡು ಕಡೆ ಪೂರ್ತಿ ನಿಂತು ಮತ್ತೆ ಹೊರಡುತ್ತದೆ. ಆ ನಿಲ್ಲುವ ಜಾಗದಲ್ಲಿ ಯಾರದ್ದೋ ಹೆಸರು ಪರದೆ ಮೇಲೆ ಬರುತ್ತಿತ್ತು ಅಂತ ನನ್ನ ಲೆಕ್ಕ. ಕೊನೆಯ ಖಾಲಿ ಗೆರೆಯಲ್ಲಿ ಕೊರೆದ ನಂಬರನ್ನು ಟಾರ್ಚ್ ಹಿಡಿದು ಬರೆದುಕೊಂಡಿದ್ದೇನೆ, ಕೊನೆಯ ಎರಡು ಅಂಕಿ ಮೇಲೆ ಒಂದು ಗೀರು ಬಿದ್ದಿದೆ. ಮನೆಗೆ ಬಂದವರಿಗೆಲ್ಲ ಈಗ ಅದನ್ನೇ ಹಾಕುತ್ತೇನೆ. ಮೊನ್ನೆ ಮೇಲಿನ ಮನೆಯ ಅಂಕಲ್ ಕಾಫಿ ಲೋಟ ಹಿಡಿದು ಪೂರ್ತಿ ಕೇಳಿ, "ಇದು ನಾನು ನೋಡಿರೋ ಪಿಕ್ಚರ್ರೇ ಕಣಯ್ಯಾ, ಗ್ಯಾರಂಟಿ" ಅಂದರು. ಯಾವುದು ಅಂತ ಹೇಳದೆ ಎದ್ದು ಹೋದರು. ನಾಳೆ ಮತ್ತೆ ಕರೆಯಬೇಕು.